ಕೃಷ್ಣೆಯ ಗಾಳಿಯ ಮೇಲೆ ನಲವತ್ತು ಪುಟ

ಕೃಷ್ಣಾ ನದಿಯ ದಂಡೆಯಲ್ಲಿ ಬೆಳಗಿನ ಹೊತ್ತು ಬೀಸುವ ಗಾಳಿಯ ಬಗ್ಗೆ ನಾನು ನಲವತ್ತು ಪುಟ ಬರೆದಿದ್ದೇನೆ. ಅದರಲ್ಲಿ ಗ್ರಾಫುಗಳಿವೆ, ಸಮೀಕರಣಗಳಿವೆ, ಕೊನೆಗೆ ಎರಡು ಪುಟ ತುಂಬ ಆಕರಗಳ ಪಟ್ಟಿಯಿದೆ. ಓದಿದವರು ತಲೆದೂಗಬೇಕು, ಹಾಗಿದೆ. ಆದರೆ ಅದರಲ್ಲಿ ಒಂದು ಸಾಲೂ ನಿಜವಲ್ಲ. ಅದು ಹೇಗೆ ಸುಳ್ಳಾಯಿತು ಎಂದು ಹೇಳಬೇಕಾದರೆ ನನ್ನ ಮಾಮಾನ ವಿಷಯ ಹೇಳಬೇಕು. ಮಾಮಾನ ವಿಷಯ ಹೇಳಬೇಕಾದರೆ ನಾನು ಅವರಿಗೆ ಆಡಿದ ಒಂದು ಮಾತನ್ನೂ ಹೇಳಬೇಕು. ಆ ಮಾತನ್ನು ಬಿಟ್ಟು ಬರೆಯಲು ಎರಡು ಸಲ ನೋಡಿದೆ, ಆಗಲಿಲ್ಲ.

ನಾನು ಹುಟ್ಟಿದ್ದು ಚಿಮ್ಮಡದಲ್ಲಿ, ಇರುವುದು ಬನಹಟ್ಟಿಯಲ್ಲಿ, ಮಗ್ಗದ ಶೆಡ್ಡಿನ ಮೇಲಿನ ಬಾಡಿಗೆ ಮನೆಯಲ್ಲಿ. ಕೆಳಗೆ ವಿದ್ಯುತ್ ಮಗ್ಗಗಳು ಖಟಖಟ ಎನ್ನುತ್ತಿದ್ದರೆ ಮೇಲೆ ನನ್ನ ಚಹಾದ ಕಪ್ ತನ್ನ ಬಸಿಯಲ್ಲಿ ತಾನೇ ನಡೆದಾಡುತ್ತದೆ. ಜಮಖಂಡಿ ಕಡೆಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ಪಾಠದ ಜತೆಗೆ ಪಿಎಚ್.ಡಿ. ಹಚ್ಚಿಕೊಂಡದ್ದು ಮೂವತ್ತಾರನೇ ವಯಸ್ಸಿಗೆ. ವಿಷಯ, ಕಬ್ಬಿನ ಬೆಳೆಯ ಮೇಲೆ ಔಷಧಿ ಸಿಂಪಡಿಸುವ ಡ್ರೋನು ಎತ್ತರ ತಪ್ಪದಂತೆ ಹಾರುವುದು ಹೇಗೆ ಎಂಬುದು.

ಕೇಳಲು ಸಸಾರ. ಆದರೆ ಡ್ರೋನಿಗೆ ತಾನು ಎಷ್ಟು ಎತ್ತರದಲ್ಲಿದ್ದೇನೆ ಎಂದು ತಿಳಿಯುವುದೇ ದೊಡ್ಡ ಪಾಡು. ಕೆಳಗೆ ನೋಡುವ ಸೆನ್ಸರ್ ಕೊಟ್ಟರೆ, ಕಬ್ಬಿನ ಸೋಗೆ ಗಾಳಿಗೆ ಒಮ್ಮೆ ತಲೆ ಅಲ್ಲಾಡಿಸಿದರೂ ನೆಲವೇ ಮೇಲೆ ಬಂತೆಂದು ಗಾಬರಿಬೀಳುತ್ತದೆ. ಆದ್ದರಿಂದ ನಾನು ಗಾಳಿಯ ಒತ್ತಡವನ್ನು ನಂಬಿದೆ. ಮೇಲೆ ಹೋದಷ್ಟೂ ಒತ್ತಡ ಕಡಿಮೆ. ಜೋಳದ ಕಾಳಿಗಿಂತ ಸಣ್ಣದೊಂದು ಸೆನ್ಸರ್ ಅದನ್ನು ಅಳೆದು ಹೇಳುತ್ತದೆ. ಹೆಚ್ಚು ಎತ್ತರದಲ್ಲಿದ್ದರೆ ಮೋಟಾರಿನ ವೇಗ ತಗ್ಗಬೇಕು, ಕಡಿಮೆ ಇದ್ದರೆ ಹೆಚ್ಚಬೇಕು. ಟ್ಯಾಂಕಿನ ಔಷಧಿ ಖಾಲಿಯಾಗುತ್ತ ಡ್ರೋನು ಹಗುರಾಗುತ್ತಿದ್ದರೂ ಎತ್ತರ ಮಾತ್ರ ಕದಲಬಾರದು. ಕಬ್ಬಿನ ತುದಿಯಿಂದ ಎರಡು ಮೀಟರು, ಒಂದು ಮೊಳಕ್ಕಿಂತ ಹೆಚ್ಚು ಏರುಪೇರಿಲ್ಲದಂತೆ. ಇದನ್ನು ನಿಜವಾದ ಹೊಲದಲ್ಲಿ, ಪರೀಕ್ಷಾ ಸಮಿತಿಯವರ ಕಣ್ಣೆದುರು ತೋರಿಸಿದರೆ ನನಗೆ ಪದವಿ. ತೋರಿಸದಿದ್ದರೆ ಇಲ್ಲ. ಅವಧಿಯನ್ನು ಎರಡು ಸಲ ವಿಸ್ತರಿಸಿಕೊಂಡಾಗಿತ್ತು, ಮೂರನೆಯದು ಇರಲಿಲ್ಲ.

ನಿಜವಾದ ಹೊಲವೆಂದರೆ ಮಾಮಾನ ಹೊಲ. ಅವರು ನನ್ನ ಅವ್ವನ ಅಣ್ಣ. ಬೀಳಗಿ ತಾಲ್ಲೂಕಿನ ಅನಗವಾಡಿಯಲ್ಲಿ, ನದಿಯ ಹಿನ್ನೀರು ಕಾಣುವಷ್ಟು ಹತ್ತಿರ, ಅವರದು ಕಬ್ಬು. ಹರೆಯದಲ್ಲಿ ಕುರಿ ಹಿಂಡಿನ ಹಿಂದೆ ಊರೂರು ತಿರುಗಿದವರು, ಈಗ ಹತ್ತಾರು ಕುರಿ ಮಾತ್ರ ಉಳಿಸಿಕೊಂಡಿದ್ದಾರೆ. ಬೀರಪ್ಪನ ಭಕ್ತರು. ಸೊಂಟದಲ್ಲಿ ಭಂಡಾರದ ಸಣ್ಣ ಚೀಲ ಯಾವಾಗಲೂ ಇರುತ್ತದೆ, ಅಂದರೆ ದೇವರ ಮುಂದಿಟ್ಟು ತಂದ ಅರಿಶಿನ ಪುಡಿ. ಹೊಸ ಎತ್ತು ಬಂದರೆ ಅದರ ಹಣೆಗೆ, ಹೊಸ ಪಂಪು ಕೂಡಿಸಿದರೆ ಅದರ ಮೂತಿಗೆ, ಅವರ ಹೆಂಡತಿ, ನನ್ನ ಅತ್ತಿ, ಹೊಸ ಮಿಕ್ಸಿ ತಂದಾಗ ಅದರ ಮುಚ್ಚಳಕ್ಕೆ, ಎಲ್ಲಕ್ಕೂ ಒಂದು ಚಿಟಿಕೆ. ಅವರ ಕೈಗುಣಕ್ಕೆ ಊರಲ್ಲಿ ಹೆಸರಿದೆ. ಯಾರೇ ಕಬ್ಬು ಹಚ್ಚಲಿ, ಮೊದಲ ತುಂಡನ್ನು ಊರಲು ಇವರನ್ನೇ ಕರೆಯುತ್ತಾರೆ. ಈದ ಎಮ್ಮೆ ಒದೆಯುತ್ತಿದ್ದರೆ ಮೊದಲ ದಿನ ಇವರೇ ಹಾಲು ಹಿಂಡಿಕೊಡಬೇಕು. ಈ ಗೌರವದ ಬಗ್ಗೆ ಮಾಮಾ ಒಂದು ಮಾತೂ ಆಡುವವರಲ್ಲ, ಆದರೆ ಕರೆಯಲು ಬಂದವರ ದನಿ ಅಂಗಳದಲ್ಲಿ ಕೇಳಿದರೆ ಸಾಕು, ರುಮಾಲು ಸುತ್ತಿಕೊಳ್ಳುವ ಕೈ ಚುರುಕಾಗುತ್ತದೆ.

ಶನಿವಾರ ಕಾಲೇಜು ಮುಗಿಸಿ, ರೆಕ್ಕೆ ಮಡಚಿದ ಡ್ರೋನನ್ನು ತಗಡಿನ ಟ್ರಂಕಿನಲ್ಲಿಟ್ಟುಕೊಂಡು ನಾನು ಬಸ್ಸು ಹತ್ತುತ್ತಿದ್ದೆ. ಮುಧೋಳದಲ್ಲಿ ಬಸ್ಸು ಬದಲಿಸುವಾಗ ಆ ಟ್ರಂಕನ್ನು ಎತ್ತಲು ಕೈಹಚ್ಚಿದವರೆಲ್ಲ ಒಳಗೇನಿದೆ ಎಂದೇ ಕೇಳುತ್ತಿದ್ದರು. ಒಮ್ಮೆ ಒಬ್ಬ ಕಂಡಕ್ಟರ್, "ಅಕ್ಕಾರ, ಒಳಗ ಜೀವಂತದ್ದು ಏನರ ಐತೇನ್ರಿ?" ಎಂದ. ಮುಧೋಳದಲ್ಲಿ ಯಾರಾದರೂ ನಾಯಿಮರಿಯನ್ನು ಹೀಗೇ ಒಯ್ಯುತ್ತಿದ್ದರೋ ಏನೋ. "ಹಾರೂದೈತಿ" ಎಂದೆ. ಕೋಳಿಯೆಂದು ತಿಳಿದು ಅರ್ಧ ಟಿಕೇಟು ಹರಿದ.

ಮೊದಲ ಸಲ ಡ್ರೋನನ್ನು ಅಂಗಳದಲ್ಲಿ ಬಿಚ್ಚಿಟ್ಟಾಗ ಮಾಮಾ ಸುತ್ತ ಒಂದು ಪ್ರದಕ್ಷಿಣೆ ಹಾಕಿ ನೋಡಿದರು. ಆರು ಕಾಲು, ಆರು ಫ್ಯಾನು, ನಡುವೆ ಬಿಳಿಯ ಗುಮ್ಮಟದಂಥ ಡಬ್ಬಿ. ಸೊಂಟಕ್ಕೆ ಕೈಹಾಕಿ ಒಂದು ಚಿಟಿಕೆ ಭಂಡಾರ ತೆಗೆದು ಅದರ ಕಾಲಿಗೆಲ್ಲ ಹಚ್ಚಿಯೇಬಿಟ್ಟರು. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಅದು ಮನೆಯವರಿಗೆಲ್ಲ ಗೊತ್ತು.

"ಮಾಮಾ, ಇದಕ್ಕ ಹಚ್ಚಬ್ಯಾಡ್ರಿ. ಇದು ಎತ್ತಲ್ಲ, ನಾಜೂಕಿನ ಯಂತ್ರ. ಪುಡಿ ಗಿಡಿ ಹೊಕ್ಕರ ಕೆಡತೈತಿ" ಎಂದೆ.

"ಆತು ಬಿಡವಾ. ಕಾಣೂ ಹಂಗ ಹಚ್ಚಂಗಿಲ್ಲ" ಎಂದರು.

ಆ ಮಾತನ್ನು ನಾನು ಆಗಲೇ ಸರಿಯಾಗಿ ಕೇಳಿಸಿಕೊಂಡಿದ್ದರೆ ನಲವತ್ತು ಪುಟ ಬರೆಯುವ ಶ್ರಮ ಉಳಿಯುತ್ತಿತ್ತು. ನಾನು ಒದ್ದೆ ಬಟ್ಟೆಯಿಂದ ಕಾಲು ಒರೆಸುವುದರಲ್ಲಿ ಮುಳುಗಿದ್ದೆ.

ಭಾನುವಾರ ಬೆಳಿಗ್ಗೆ, ಗಾಳಿ ಏಳುವ ಮುನ್ನ, ಸೋಗೆಯ ಮೇಲೆ ಇನ್ನೂ ಇಬ್ಬನಿ ಇರುವಾಗ ಹಾರಿಸುವುದು ನನ್ನ ರೂಢಿ. ಬನಹಟ್ಟಿಯ ಹಳೆಯ ಸೀರೆಯೊಂದನ್ನು ಬದುವಿನ ಮೇಲೆ ಹಾಸಿದರೆ ಅದೇ ನಮ್ಮ ವಿಮಾನ ನಿಲ್ದಾಣ. ಮಾಮಾನ ಮುಧೋಳ ತಳಿಯ ನಾಯಿ, ಹೊಟ್ಟೆ ಬೆನ್ನಿಗಂಟಿದ ಉದ್ದ ಮೂತಿಯ ಪ್ರಾಣಿ, ಡ್ರೋನಿನ ನೆರಳನ್ನು ಹಿಡಿಯಲು ಬದುವಿನುದ್ದಕ್ಕೂ ಓಡುತ್ತಿತ್ತು. ನನ್ನ ಸಂಶೋಧನೆಯನ್ನು ಅಷ್ಟು ಶ್ರದ್ಧೆಯಿಂದ ಹಿಂಬಾಲಿಸಿದವರು ಬೇರೆ ಯಾರೂ ಇಲ್ಲ.

ಕಾಲೇಜಿನ ಮೈದಾನದಲ್ಲಿ ಆ ಡ್ರೋನು ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ ಹಾಗೆ ನಿಲ್ಲುತ್ತಿತ್ತು. ಅನಗವಾಡಿಗೆ ಬಂದರೆ ಮಾತ್ರ ಅದಕ್ಕೇನೋ ಬಡಿಯುತ್ತಿತ್ತು. ಏಳುತ್ತದೆ, ಬೇಕಾದ ಎತ್ತರ ದಾಟುತ್ತದೆ, ಆಮೇಲೆ ನೆನಪಾದಂತೆ ಕೆಳಗಿಳಿಯುತ್ತದೆ, ಇಳಿಯುತ್ತ ಇಳಿಯುತ್ತ ಸೋಗೆ ತಾಕುತ್ತದೆ, ಮತ್ತೆ ಎದ್ದುಬಿದ್ದು ಮೇಲೇರುತ್ತದೆ. ಲ್ಯಾಪ್‌ಟಾಪಿನಲ್ಲಿ ನೇರವಾಗಿರಬೇಕಾದ ಗೆರೆ ಹಾವಿನಂತೆ ಹರಿಯುತ್ತಿತ್ತು. ನಾನು ಸಮೀಕರಣ ತಿದ್ದಿದೆ. ಮೋಟಾರು ಬದಲಿಸಿದೆ. ಟ್ಯಾಂಕಿನೊಳಗೆ ಔಷಧಿ ತುಳುಕಿ ಹೀಗಾಗುತ್ತದೆಂದು ಟ್ಯಾಂಕಿಗೆ ಅಡ್ಡಗೋಡೆ ಕಟ್ಟಿಸಿದೆ. ಬನಹಟ್ಟಿಗೆ ಮರಳಿ, ಮಗ್ಗಗಳ ಮೇಲಿನ ಹತ್ತಿಯ ಧೂಳು ಊದಿ ತೆಗೆಯುವ ಕಂಪ್ರೆಸರಿನಿಂದ ಡ್ರೋನನ್ನೂ ಅಡಿಯಿಂದ ಮುಡಿಯವರೆಗೆ ಊದಿ, ಸೋಮವಾರ ಕಾಲೇಜಿಗೆ ಒಯ್ದು ಹಾರಿಸಿದರೆ ಮತ್ತೆ ಮೊಳೆ ಹೊಡೆದ ಹಾಗೆ ನಿಲ್ಲುತ್ತಿತ್ತು.

ಅಂದಮೇಲೆ ತಪ್ಪು ಯಂತ್ರದ್ದಲ್ಲ, ಜಾಗದ್ದು. ನನಗೆ ಹಾಗನಿಸಿತು, ಅನಿಸಿದ್ದೇ ತಡ ಹಿಗ್ಗಿದೆ. ನದಿಯ ಹಿನ್ನೀರು ಬೆಳಿಗ್ಗೆ ಬೆಚ್ಚಗಿರುತ್ತದೆ, ಹೊಲ ತಣ್ಣಗಿರುತ್ತದೆ, ಇವೆರಡರ ನಡುವೆ ಕಣ್ಣಿಗೆ ಕಾಣದ ಗಾಳಿಯ ಅಲೆ ಏಳುತ್ತದೆ, ಅದು ಒತ್ತಡದ ಸೆನ್ಸರನ್ನು ಮೋಸಗೊಳಿಸುತ್ತದೆ. ಎಷ್ಟು ಚಂದದ ವಾದ! ಒಂದೂವರೆ ವರ್ಷದ ಭಾನುವಾರಗಳನ್ನೆಲ್ಲ ಸೇರಿಸಿ ಒಂದು ಅಧ್ಯಾಯ ಮಾಡಿದೆ. ನನ್ನ ಗೈಡು ಮೈಸೂರು ಕಡೆಯವರು, ಮೆತ್ತಗಿನ ಮಾತಿನವರು. ಅವರೂ ಓದಿ, "ತುಂಬಾ ಚೆನ್ನಾಗಿ ಬಂದಿದೆ ಕಣಮ್ಮ. ಆದ್ರೆ ಗಾಳಿ ಅಳೆದು ನೋಡಿದ್ದೀರಾ?" ಎಂದರು. ಅಳೆಯುತ್ತೇನೆ ಸರ್ ಎಂದು ಹೇಳಿ ಬಂದೆ. ಅಳೆಯಲಿಲ್ಲ. ಅಳೆದರೆ ಎಲ್ಲಿ ಅಧ್ಯಾಯ ಬಿದ್ದುಹೋಗುತ್ತದೋ ಎಂಬ ಅಳುಕು ಒಳಗೆಲ್ಲೋ ಇತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ.

ಸಮಿತಿಯವರು ಬರಲು ಮೂರು ತಿಂಗಳಿದ್ದಾಗ ಒಂದು ಭಾನುವಾರ ಡ್ರೋನು ಎದ್ದು, ತೂಗಾಡಿ, ಈ ಸಲ ಇಳಿದದ್ದು ಏಳಲೇ ಇಲ್ಲ. ಕಬ್ಬಿನೊಳಗೆ ಪಟಪಟ ಸದ್ದು ಮಾಡಿ ಮುಳುಗಿತು. ಆಳೆತ್ತರದ ಕಬ್ಬಿನಲ್ಲಿ ನಾನು, ಮಾಮಾ ಇಬ್ಬರೂ ಸೋಗೆಗೆ ಮೈಯೊಡ್ಡಿ ಹುಡುಕಿದೆವು. ಕಂಡುಹಿಡಿದದ್ದು ನಾಯಿ. ಅದು ಬಿದ್ದ ಜಾಗವನ್ನು ನೋಡಿಟ್ಟುಕೊಂಡಿತ್ತು. ಎಷ್ಟೋ ದಿನದಿಂದ ಬೆನ್ನಟ್ಟಿದ್ದು ಕೊನೆಗೂ ಸಿಕ್ಕಿತೆಂದು ಅದರ ಮೇಲೆ ಕಾಲಿಟ್ಟು ನಿಂತಿತ್ತು.

ಬಿದ್ದ ಪೆಟ್ಟಿಗೆ ಬಿಳಿ ಡಬ್ಬಿ ಸೀಳಿತ್ತು. ಆ ಡಬ್ಬಿಯೊಳಗೇ ಒತ್ತಡದ ಸೆನ್ಸರ್ ಇರುವುದು. ಔಷಧಿಯ ಹನಿ ಒಳಗೆ ಹೋಗಬಾರದೆಂದು ನಾನೇ ಎಲ್ಲ ಸಂದುಗಳಿಗೂ ಅಂಟು ಬಳಿದಿದ್ದೆ. ಗಾಳಿಯಾಡಲು ನೆತ್ತಿಯ ಮೇಲೆ ಒಂದೇ ಒಂದು ಸಣ್ಣ ತೂತು, ತೂತಿನ ಕೆಳಗೆ ಒಂದು ಚೂರು ಸ್ಪಂಜು. ಸೀಳಿದ ಡಬ್ಬಿಯನ್ನು ಅಲ್ಲೇ ಬದುವಿನ ಮೇಲೆ ಬಿಡಿಸಿದೆ. ಕಪ್ಪು ಸ್ಪಂಜು ಹಳದಿಯಾಗಿತ್ತು. ಇಬ್ಬನಿಗೆ ನೆಂದು, ಗಟ್ಟಿಯಾಗಿ, ತೂತಿಗೆ ಮೆತ್ತಿದ ಹಾಗೆ ಕೂತಿತ್ತು. ಮೂಗಿಗೆ ಹಿಡಿದೆ. ನಮ್ಮ ಮನೆಯ ದೇವರ ಜಗುಲಿಯ ವಾಸನೆ.

ನಾನು ತಲೆಯೆತ್ತಿ ಮಾಮಾನ ಕಡೆ ನೋಡಿದೆ. ಅವರ ಮುಖದಲ್ಲಿ ತಪ್ಪು ಮಾಡಿದ ಅಂಜಿಕೆ ಕಾಣಲಿಲ್ಲ. ಬಿದ್ದ ಕೂಸನ್ನು ನೋಡುವ ಮರುಕವಿತ್ತು.

"ಇದರಾಗ ಭಂಡಾರ ಹಾಕ್ತಿದ್ರೇನ್ರಿ?"

"ಹೂಂ. ಒಂದ ಚಿಟಿಕಿ. ಎಲ್ಲೆಲ್ಲೆ ಹಚ್ಚಿದ್ರೂ ನಿನ್ನ ಕಣ್ಣಿಗೆ ಬೀಳತೈತಿ. ನೆತ್ತಿ ಮ್ಯಾಲ ತೂತ ಇತ್ತು. ಯಾರಿಗೂ ಕಾಣಂಗಿಲ್ಲ, ನಿನಗೂ ಸಿಟ್ಟ ಬರಂಗಿಲ್ಲ ಅಂತ ಅದರಾಗ ಹಾಕತಿದ್ದೆ. ಹಾರೂ ಮುಂದ ಪ್ರತಿ ಸಲ ಹಾಕೇನಿ ಯವ್ವಾ, ಒಂದ ಸಲಾನೂ ತಪ್ಪಿಸಿಲ್ಲ."

ಪ್ರತಿ ಸಲ. ನಾನು ಲ್ಯಾಪ್‌ಟಾಪಿನ ಕಡೆ ತಿರುಗಿದಾಗಲೆಲ್ಲ. ಆಮೇಲೆ ಬನಹಟ್ಟಿಯ ಕಂಪ್ರೆಸರ್ ಪ್ರತಿ ಸಲ ಅದನ್ನು ಊದಿ ತೆಗೆಯುತ್ತಿತ್ತು. ನೂರೆಂಟು ಬಣ್ಣದ ನೂಲಿನ ಧೂಳು ಹಾರುವ ಆ ಶೆಡ್ಡಿನಲ್ಲಿ ಒಂದು ಚಿಟಿಕೆ ಹಳದಿ ಯಾರ ಕಣ್ಣಿಗೆ ಬೀಳಬೇಕು? ಒಂದೇ ಕ್ಷಣದಲ್ಲಿ ನನ್ನ ನದಿ, ನನ್ನ ಬೆಚ್ಚನೆಯ ಹಿನ್ನೀರು, ನನ್ನ ಕಣ್ಣಿಗೆ ಕಾಣದ ಅಲೆ, ಎಲ್ಲ ಹೋಯಿತು. ನಾನು ಕೂಗಿದೆ.

"ನಿಮಗ ಹೇಳಿದ್ದೆ ಮಾಮಾ! ಒಂದೂವರಿ ವರ್ಷ ನಂದು ಮಣ್ಣಪಾಲಾತು. ಊರ ಮಂದಿ ಕೈಗುಣ ಕೈಗುಣ ಅಂತ ಕುಣಸ್ತಾರ, ನೀವೂ ಕುಣೀತೀರಿ. ನಿಮ್ಮ ಕೈ ಹತ್ತಿದ್ದು ಹಾಳಾತು, ನೋಡ್ರಿಲ್ಲೆ!"

ಬಾಯಿಂದ ಬಿದ್ದ ಮೇಲೆ ಎಂಥ ಮಾತಾಡಿದೆನೆಂದು ಗೊತ್ತಾಯಿತು. ಮಾಮಾ ತಮ್ಮ ಅಂಗೈಯನ್ನು ಒಮ್ಮೆ ನೋಡಿಕೊಂಡರು. ಧೋತರಕ್ಕೆ ಒರೆಸಿಕೊಂಡರು. ಟ್ರಂಕನ್ನು ತಲೆಯ ಮೇಲೆ ಹೊತ್ತು ಬಸ್ಸಿನವರೆಗೆ ತಂದುಬಿಟ್ಟರು, ಆದರೆ ಡ್ರೋನನ್ನು ಅದರೊಳಗೆ ಇಡುವಾಗ ಕೈಹಚ್ಚಲಿಲ್ಲ. ನಾನು ಬಿಗುಮಾನದಿಂದ ಕಿಟಕಿಯ ಹೊರಗೆ ನೋಡುತ್ತ ಕೂತೆ. ಮುಧೋಳ ಬರುವ ಹೊತ್ತಿಗೆ ಸಿಟ್ಟು ಇಳಿದು ನಾಚಿಕೆ ಶುರುವಾಗಿತ್ತು.

ಗೈಡಿಗೆ ಫೋನು ಮಾಡಿ ಎಲ್ಲ ಹೇಳಿದೆ. ನಲವತ್ತು ಪುಟ ತೆಗೆಯುತ್ತೇನೆ ಸರ್, ತೂತು ಸ್ವಚ್ಛ ಇಟ್ಟರೆ ಡ್ರೋನು ಸರಿಯಾಗಿ ನಿಲ್ಲುತ್ತದೆ, ಅಷ್ಟನ್ನು ಸಮಿತಿಗೆ ತೋರಿಸುತ್ತೇನೆ ಎಂದೆ. ಅವರು ಬಹಳ ಹೊತ್ತು ನಕ್ಕರು. ನಕ್ಕು ಮುಗಿದ ಮೇಲೆ ಕೇಳಿದರು.

"ನಿಮ್ಮ ಸೋದರಮಾವ ಹಾಕೋದು ಬಿಟ್ರು ಅಂತ ಇಟ್ಕೊಳ್ಳಿ. ನಾಳೆ ಹೊಲದ ಮಣ್ಣು ಕೂರುತ್ತೆ. ನಿಮ್ಮ ಕಡೆ ಸಕ್ಕರೆ ಕಾರ್ಖಾನೆ ಬೂದಿ ಹಾರುತ್ತಂತಲ್ಲ, ಅದು ಕೂರುತ್ತೆ. ಆಗ ಯಾರನ್ನ ಬೈತೀರಾ?"

ನಮ್ಮ ಕಡೆ ಕಬ್ಬು ನುರಿಸುವ ದಿನಗಳಲ್ಲಿ ಮಾಳಿಗೆಯ ಮೇಲೆ ಒಣಹಾಕಿದ ಬಿಳಿ ಬಟ್ಟೆಗೆ ಕರಿಚುಕ್ಕೆ ಬೀಳುವುದು ಯಾರಿಗೆ ಗೊತ್ತಿಲ್ಲ? ಧೂಳಿಲ್ಲದ ಹೊಲಕ್ಕೆಂದು ಯಂತ್ರ ಮಾಡಿದರೆ ಅದನ್ನು ಹಾರಿಸಲು ಬೇರೆ ದೇಶ ಹುಡುಕಬೇಕು.

ತೂತು ಮೆತ್ತಿಕೊಂಡಾಗ ಆಗುವುದು ಇಷ್ಟೇ. ಹೊರಗಿನ ಒತ್ತಡ ಒಳಗೆ ತಡವಾಗಿ ಮುಟ್ಟುತ್ತದೆ. ಸೆನ್ಸರ್ ಸುಳ್ಳು ಹೇಳುವುದಿಲ್ಲ, ಹಳೆಯ ಸುದ್ದಿ ಹೇಳುತ್ತದೆ. ಮಾಮಾ ಕಬ್ಬಿಗೆ ನೀರು ಹಾಯಿಸುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೊಲದ ಆ ತುದಿಯಲ್ಲಿ ಮಡಿ, ಅಂದರೆ ನೀರು ನಿಲ್ಲುವ ಪಾತಿ, ಪೂರ್ತಿ ತುಂಬಿದ ಮೇಲೆ ಅವರು ಕೂಗಿದರೆ, ಈ ತುದಿಯಲ್ಲಿ ಅತ್ತಿ ಪಂಪು ಬಂದ್ ಮಾಡುವಷ್ಟರಲ್ಲಿ ಕಾಲುವೆಯ ತುಂಬ ಬರುತ್ತಿರುವ ನೀರು ಮಡಿ ಒಡೆದು ಪಕ್ಕದವರ ಹೊಲಕ್ಕೆ ಹೋಗುತ್ತದೆ. ಅದಕ್ಕೇ ಮಾಮಾ ಮಡಿ ಮುಕ್ಕಾಲು ತುಂಬಿದಾಗಲೇ ಕೂಗುತ್ತಾರೆ. ದಾರಿಯಲ್ಲಿರುವ ನೀರನ್ನು ಅವರು ಮನಸ್ಸಿನಲ್ಲೇ ಲೆಕ್ಕ ಹಿಡಿದಿರುತ್ತಾರೆ. ನನ್ನ ಡ್ರೋನಿಗೂ ಅದನ್ನೇ ಕಲಿಸಬೇಕಾಗಿತ್ತು. ಅದರಲ್ಲಿ ಅಲುಗಾಟ ಅಳೆಯುವ ಇನ್ನೊಂದು ಸೆನ್ಸರ್ ಇದೆ, ಅದಕ್ಕೆ ಗಾಳಿ ಬೇಕಿಲ್ಲ. ಮೇಲಕ್ಕೆ ಎಷ್ಟು ಜೋರಾಗಿ ಹೊರಟೆ ಎಂಬುದನ್ನು ಅದು ತಕ್ಷಣ ಹೇಳುತ್ತದೆ. ಇವೆರಡನ್ನೂ ಹೋಲಿಸಿ ನೋಡಿ, ಒತ್ತಡದ ಸುದ್ದಿ ಎಷ್ಟು ಹಳೆಯದು ಎಂದು ಡ್ರೋನು ತಾನೇ ಅಂದಾಜು ಮಾಡಿ ಅಷ್ಟರಮಟ್ಟಿಗೆ ಮಾತ್ರ ಅದನ್ನು ನಂಬಬೇಕು. ಎರಡು ತಿಂಗಳು ಮಗ್ಗದ ಸದ್ದಿನ ಮೇಲೆ ಕೂತು ಇದನ್ನು ಬರೆದೆ. ನಲವತ್ತು ಪುಟದ ಜಾಗದಲ್ಲಿ ಹದಿನೇಳು ಪುಟ ಬಂತು.

ಈ ನಡುವೆ ಅತ್ತಿಯ ಫೋನು ಬಂತು.

"ಏನಂದೀಯವಾ ನಿಮ್ಮ ಮಾಮಾಗ? ಆಚೆ ಹೊಲದಾವ್ರು ಕಬ್ಬು ಹಚ್ಚಾಕ ಕರಿಯಾಕ ಬಂದಿದ್ರು. ಹೋಗಲಿಲ್ಲ. ನನ್ನ ಕೈಲೆ ಬ್ಯಾಡ, ಬ್ಯಾರೆದಾವ್ರನ್ನ ಕರಕೊಂಡು ಹೋಗ್ರಿ ಅಂದಾರ. ಮೂವತ್ತು ವರ್ಷದಾಗ ಹಿಂಗ ಅಂದಿದ್ದಿಲ್ಲ."

ನಾನು ಫೋನು ಹಿಡಿದುಕೊಂಡೇ ಎದ್ದು ಕಿಟಕಿ ಮುಚ್ಚಿದೆ. ಕೆಳಗೆ ಮಗ್ಗಗಳು ಓಡುತ್ತಿದ್ದವು. "ಏನೂ ಅಂದಿಲ್ಲೇನು?" ಎಂದು ಅತ್ತಿ ಮತ್ತೆ ಕೇಳಿದರು. "ಹೂಂ, ಅಂದೇನ್ರಿ" ಎಂದೆ.

ಮುಂದಿನ ಶನಿವಾರವೇ ಹೋದೆ. ಮಾಮಾ ಎಂದಿನಂತೆ ಬಸ್ಸಿಗೆ ಬಂದಿದ್ದರು. ಟ್ರಂಕಿಗೆ ಕೈಹಚ್ಚುವ ಮೊದಲು ಎರಡೂ ಅಂಗೈ ನನ್ನ ಮುಂದೆ ಹಿಡಿದರು. ಬಟ್ಟೆ ತೊಳೆಯುವ ಸಾಬೂನಿನ ವಾಸನೆ ಬರುತ್ತಿತ್ತು. "ನೋಡ್ ಯವ್ವಾ, ತೊಳಕೊಂಡ ಬಂದೇನಿ" ಎಂದರು. ಅದರಲ್ಲಿ ಚುಚ್ಚುಮಾತು ಇದ್ದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಇರಲಿಲ್ಲ. ನಿಜವಾಗಿಯೂ ಯಂತ್ರದ ಕಾಳಜಿಯಿಂದ ತೊಳೆದುಕೊಂಡಿದ್ದರು. ಬಸ್‌ಸ್ಟ್ಯಾಂಡಿನಲ್ಲೇ ನನ್ನ ಕಣ್ಣು ತುಂಬಿತು.

"ತಪ್ಪಾತ್ರಿ ಮಾಮಾ. ನಾ ಹಂಗ ಅನ್ನಬಾರದಿತ್ತು."

"ಏ, ನಿನ್ನ ಬಾಯಿ ಸಣ್ಣಾಕಿದ್ದಾಗಿಂದ ಹಂಗ ಐತಿ. ಅದಕ್ಯಾಕ ಅಳತಿ? ಖರೇನ ಕೆಟ್ಟೈತಲ್ಲ, ನೀ ಸುಳ್ಳ ಏನ್ ಅಂದಿ" ಎಂದು ಟ್ರಂಕು ಹೊತ್ತು ಮುಂದೆ ನಡೆದರು. ಕ್ಷಮಿಸಿದ್ದರು. ಆದರೆ ನನ್ನ ಮಾತನ್ನು ನಂಬಿಯೂ ಬಿಟ್ಟಿದ್ದರು. ಅದು ಕ್ಷಮಿಸದೇ ಇರುವುದಕ್ಕಿಂತ ಕಷ್ಟದ್ದಾಗಿತ್ತು.

ಮರುದಿನ ಬೆಳಿಗ್ಗೆ ಹೊಸ ಲೆಕ್ಕಾಚಾರವನ್ನು ಪರೀಕ್ಷಿಸಬೇಕಿತ್ತು. ಅಂದರೆ ತೂತನ್ನು ಬೇಕೆಂದೇ ಮೆತ್ತಿಸಬೇಕಿತ್ತು. ನಾನು ಮಾಮಾನ ಮುಂದೆ ಹೋಗಿ ನಿಂತು, ಒಂದು ಚಿಟಿಕೆ ಭಂಡಾರ ಕೊಡಿ, ನೀವೇ ಹಾಕಿ, ಈ ಸಲ ನನಗೇ ಬೇಕು ಎಂದೆ. ಅವರಿಗೆ ಖುಷಿಯಾಗುತ್ತದೆಂದು ಎಣಿಸಿದ್ದೆ. ಅವರು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

"ಯಾಕ ಬೇಕು?"

"ಅದು ತಡಕೊಳ್ತೈತೋ ಇಲ್ಲೋ ಪರೀಕ್ಷಾ ಮಾಡಾಕ."

"ಪರೀಕ್ಷಾ ಮಾಡಾಕ ದೇವರ ಭಂಡಾರ ಕೊಡಂಗಿಲ್ಲ" ಎಂದರು. ದನಿ ಏರಿಸಲಿಲ್ಲ, ಆದರೆ ಬಾಗಿಲು ಹಾಕಿದ ಹಾಗಿತ್ತು. "ನಾ ಅದನ್ನ ಹಾಕಿದ್ದು ಛಲೋ ಆಗಲಿ ಅಂತ. ಕೆಡತೈತೋ ಇಲ್ಲೋ ನೋಡಾಕ ಅಲ್ಲ. ನಿನಗ ಪುಡಿ ಬೇಕಂದ್ರ ಅಡಗಿಮನ್ಯಾಗ ಅರಿಶಿಣ ಐತಿ, ನಿಮ್ಮ ಅತ್ತಿನ್ನ ಕೇಳು."

ಇಷ್ಟು ವರ್ಷ ಓದಿದ ನನಗೆ ಹೊಳೆಯದ ವ್ಯತ್ಯಾಸ ಅದು. ಅತ್ತಿ ಮಸಾಲೆಯ ಡಬ್ಬಿಯಿಂದ ಅರಿಶಿನ ತೆಗೆದುಕೊಟ್ಟರು. ನಾನೇ ಅದನ್ನು ನೀರಲ್ಲಿ ಕಲಸಿ ತೂತಿಗೆ ಮೆತ್ತಿದೆ. ಮಾಮಾ ದೂರದ ಬದುವಿನ ಮೇಲೆ, ಕೈ ಹಿಂದೆ ಕಟ್ಟಿಕೊಂಡೇ ನಿಂತು ನೋಡಿದರು. ಡ್ರೋನು ಎದ್ದಿತು, ಎರಡು ಸಲ ತಡವರಿಸಿತು, ಆಮೇಲೆ ಏನೋ ಅರ್ಥವಾದಂತೆ ಸಾವಕಾಶ ನಿಂತಿತು. ಪೂರ್ತಿ ಅಲ್ಲ, ಎರಡು ಮೊಳದ ಆಚೀಚೆ. ಬನಹಟ್ಟಿಗೆ ಹೋಗಿ ಇನ್ನಷ್ಟು ತಿದ್ದಿದೆ. ಮುಂದಿನ ಭಾನುವಾರ ಮತ್ತೆ ಬಂದು ಮತ್ತೆ ಅತ್ತಿಯ ಡಬ್ಬಿಗೆ ಕೈಹಾಕಿದೆ. "ಈ ವಾರ ಸಾರಿಗೆ ಅರಿಶಿಣಿಲ್ಲ, ನಿನ್ನ ಹಕ್ಕಿ ತಿಂತು" ಎಂದು ಅತ್ತಿ ಬೈದರು.

ಸಮಿತಿಯವರು ಬಂದ ದಿನ ಮೂವರು ಕಾರಿನಿಂದಿಳಿದರು. ಗೈಡೂ ಜತೆಗಿದ್ದರು. ನಾನು ಡಬ್ಬಿಯ ತೂತನ್ನು ಅವರೆದುರೇ ಅರಿಶಿನದಿಂದ ಮುಚ್ಚಿದೆ. ಸ್ವಚ್ಛ ತೂತಿನೊಂದಿಗೆ ಹಾರಿಸಿದ್ದರೆ ಹೇಗೂ ಪಾಸಾಗುತ್ತಿದ್ದೆ. ಆದರೆ ಹಾಗೆ ಪಾಸಾದರೆ ನಾನು ಬದುವಿನ ಮೇಲೆ ಹೇಳಿದ ಮಾತು ಹಾಗೇ ಉಳಿಯುತ್ತಿತ್ತು.

ಡ್ರೋನು ಸೀರೆಯ ಮೇಲಿಂದ ಎದ್ದಿತು. ಸೋಗೆಯ ಮೇಲೆ ಎರಡು ಮೀಟರಿಗೆ ಹೋಗಿ, ಒಮ್ಮೆ ಹೊಯ್ದಾಡಿ, ನಿಂತಿತು. ಸಾಲಿನುದ್ದಕ್ಕೂ ಹೋಗಿ ಬಂದಿತು. ಟ್ಯಾಂಕಿನ ನೀರು ಮುಗಿದು ಹಗುರಾದರೂ ಮೇಲಕ್ಕೆ ಚಿಮ್ಮಲಿಲ್ಲ. ನಾಯಿ ಅದರ ನೆರಳಿನ ಜತೆ ಅತ್ತಿಂದಿತ್ತ ಓಡಿ ದಣಿದು ಕೂತಿತು. ಪರದೆಯ ಮೇಲಿನ ಗೆರೆಯನ್ನು ಸಮಿತಿಯ ಹಿರಿಯ ಮೇಡಂ ಒಬ್ಬರು ಕನ್ನಡಕ ಏರಿಸಿ ನೋಡಿದರು.

"ಸೆನ್ಸರ್ ಮುಚ್ಚಿಹೋಗೋದನ್ನ ತೋರಿಸೋಕೆ ಪ್ರಯೋಗಾಲಯದ ಪುಡಿಗಳಿವೆ. ಅರಿಶಿನಾನೇ ಯಾಕೆ?" ಎಂದು ಕೇಳಿದರು.

ಗೈಡು ನನ್ನ ಮುಖ ನೋಡಿದರು. ಮಾಮಾ ಕೇಳಿಸುವಷ್ಟು ಹತ್ತಿರದಲ್ಲಿದ್ದರು. ನಾನು ತಯಾರಿ ಮಾಡಿಕೊಂಡ ಉತ್ತರ ಬೇರೆಯಿತ್ತು.

"ನಮ್ಮ ಕಡೆ ಹೊಸದೇನೇ ಬಂದ್ರೂ ಅದಕ್ಕೊಂದು ಚಿಟಿಕೆ ಅರಿಶಿನ ಬೀಳುತ್ತೆ, ಮೇಡಂ. ಹಾಕುವವರು ಅದರ ಒಳ್ಳೇದಕ್ಕೇ ಹಾಕ್ತಾರೆ. ಅಷ್ಟನ್ನು ತಡೆದುಕೊಳ್ಳಲಾಗದ ಯಂತ್ರ ಮಾಡಿದ್ದು ನನ್ನ ತಪ್ಪು, ಹಾಕಿದವರದ್ದಲ್ಲ. ಆ ತಪ್ಪು ತಿದ್ದಿದ್ದೇ ಈ ಅಧ್ಯಾಯ."

ಮೇಡಂ ಏನೋ ಬರೆದುಕೊಂಡರು. ಉಳಿದದ್ದು ಸಹಿ, ಚಹಾ, ಅತ್ತಿಯ ಕೈಯ ಸಿಹಿ ಮಾದಲಿ. ಹೋಗುವಾಗ ಗೈಡು ಕಾರಿನ ಕಿಟಕಿಯಿಂದ ಕೈ ಹೊರಹಾಕಿ, "ಡಾಕ್ಟರ್ ಅಂತ ಕರೆಯೋಕೆ ಇನ್ನು ಅಡ್ಡಿಯಿಲ್ಲಮ್ಮ" ಎಂದರು. ಧೂಳೆಬ್ಬಿಸಿಕೊಂಡು ಕಾರು ಹೋಯಿತು.

ನಾನು ಡ್ರೋನನ್ನು ಒರೆಸುತ್ತ ಕೂತಿದ್ದೆ. ಮಾಮಾ ಬಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತರು.

"ಪರೀಕ್ಷಾ ಮುಗೀತಲ್ಲ?"

"ಮುಗೀತ್ರಿ."

"ಈಗ ಅದು ತಡಕೊಳ್ತೈತೇನು?"

"ತಡಕೊಳ್ತೈತ್ರಿ ಮಾಮಾ."

ಅವರ ಕೈ ಸೊಂಟದ ಚೀಲದವರೆಗೆ ಹೋಗಿ ಅಲ್ಲೇ ನಿಂತಿತು. "ನನ್ನ ಕೈಲೆ?" ಎಂದರು.

"ನಿಮ್ಮ ಕೈಲೇನ. ಬ್ಯಾರೆ ಯಾರ ಕೈಲೂ ಬ್ಯಾಡ."

ನಾನು ತೂತಿನ ಅರಿಶಿನವನ್ನೆಲ್ಲ ಕೆರೆದು ತೆಗೆದು ಹೊಸ ಸ್ಪಂಜು ಇಟ್ಟೆ. ಮಾಮಾ ಚೀಲ ಬಿಚ್ಚಿ, ಒಂದು ಚಿಟಿಕೆ ಭಂಡಾರ ತೆಗೆದು, ಮೊದಲು ತಮ್ಮ ಹಣೆಗೆ ಮುಟ್ಟಿಸಿಕೊಂಡು, ಎಲ್ಲರಿಗೂ ಕಾಣುವ ಹಾಗೆ ಅದರ ನೆತ್ತಿಗೆ ಹಾಕಿದರು. ಬೆರಳಿಗೆ ಉಳಿದದ್ದನ್ನು ನನ್ನ ಹಣೆಗೆ ಒರೆಸಿದರು. ನಾನು ರಿಮೋಟು ಹಿಡಿದೆ. ನೋಡಲು ಅತ್ತಿ, ನಾಯಿ, ನಾವಿಬ್ಬರು ಅಷ್ಟೇ. ಡ್ರೋನು ಎದ್ದು ಕಬ್ಬಿನ ಮೇಲೆ ಹೋಗಿ ನಿಂತಿತು. ಬ್ಯಾಟರಿ ಮುಗಿಯುವವರೆಗೂ ಹಾಗೇ ನಿಂತಿತ್ತು. ಮಾಮಾ ಈ ಸಲ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಳ್ಳದೆ ಸೊಂಟದ ಮೇಲಿಟ್ಟುಕೊಂಡು ನೋಡಿದರು.

ಮರುದಿನ ಬೆಳಿಗ್ಗೆ, ನಾನು ಬನಹಟ್ಟಿಯಿಂದ ಕಾಲೇಜಿಗೆ ಹೊರಡುವ ಗಡಿಬಿಡಿಯಲ್ಲಿದ್ದಾಗ, ಅತ್ತಿಯ ಫೋನು ಬಂತು. ಮಾಮಾನಿಗೆ ಕೊಡ್ರಿ ಎಂದೆ. ಅವರು ಮನೆಯಲ್ಲಿಲ್ಲ, ಕೆಳಗಿನ ಓಣಿಯವರು ಕಬ್ಬು ಹಚ್ಚುತ್ತಿದ್ದಾರೆ, ಮೊದಲ ತುಂಡು ಊರಲು ಹೋಗಿದ್ದಾರೆ ಎಂದರು.